ಅನಿಲ್ ಕುಂಬ್ಳೆಯವರ ಗಾಯಗಳು ಮತ್ತು ಪುನರಾಗಮನ (2001–2004)

ಅನಿಲ್ ಕುಂಬ್ಳೆ (ಜನನ: 1970ರ ಅಕ್ಟೋಬರ್ 17, ಬೆಂಗಳೂರು) ಭಾರತ ಹಾಗೂ ಕರ್ನಾಟಕ ತಂಡಗಳ ಪರವಾಗಿ ಆಡಿದ ಲೆಗ್ ಸ್ಪಿನ್ ಬೌಲರ್. 132 ಟೆಸ್ಟ್ ಪಂದ್ಯಗಳಲ್ಲಿ 619 ವಿಕೆಟ್‌ಗಳನ್ನು ಪಡೆದಿರುವ ಇವರು, 2001ರಿಂದ 2004ರವರೆಗಿನ ಅವಧಿಯಲ್ಲಿ ಎರಡು ಗಂಭೀರ ಗಾಯಗಳಿಗೆ ಒಳಗಾದರು. ಮೊದಲನೆಯದು ಬೌಲಿಂಗ್ ಮಾಡುವ ಬಲಭುಜದ ತೊಂದರೆ. ಇದಕ್ಕೆ 2001ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಎರಡನೆಯದು 2002ರ ಮೇ ತಿಂಗಳಲ್ಲಿ ವೆಸ್ಟ್ ಇಂಡೀಸ್‌ನ ಆಂಟಿಗಾ ದ್ವೀಪದಲ್ಲಿ ಸಂಭವಿಸಿದ ದವಡೆಯ ಮೂಳೆ ಮುರಿತ. ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಅವರು ಸತತವಾಗಿ 14 ಓವರ್ ಬೌಲಿಂಗ್ ಮಾಡಿ ಬ್ರಯನ್ ಲಾರಾ ಅವರನ್ನು ಔಟ್ ಮಾಡಿದ ಪ್ರಸಂಗವು ಕ್ರಿಕೆಟ್ ಚರಿತ್ರೆಯಲ್ಲಿ ಛಲಕ್ಕೆ ಉದಾಹರಣೆಯಾಗಿ ಆಗಾಗ ಉಲ್ಲೇಖಗೊಳ್ಳುತ್ತದೆ. ಆ ಒಂದು ದಿನದ ಛಾಯಾಚಿತ್ರ ಎಲ್ಲರಿಗೂ ಪರಿಚಿತ. ಅದರ ಹಿಂದುಮುಂದಿನ ವರ್ಷಗಳಲ್ಲಿ ತಂಡದೊಳಗಿನ ತಮ್ಮ ಸ್ಥಾನಕ್ಕಾಗಿ ಅವರು ನಡೆಸಿದ ಹೋರಾಟ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಹಿನ್ನೆಲೆ

ಕುಂಬ್ಳೆಯವರ ಮನೆತನದ ಹೆಸರು ಕಾಸರಗೋಡು ಜಿಲ್ಲೆಯ ಕುಂಬಳೆ ಎಂಬ ಊರಿನಿಂದ ಬಂದದ್ದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರೆಂದು ಕನ್ನಡಿಗರಿಗೆ ಈ ಸ್ಥಳ ಮೊದಲೇ ಪರಿಚಿತವಾಗಿತ್ತು. ಬೆಂಗಳೂರಿನಲ್ಲಿ ಬೆಳೆದ ಅನಿಲ್, ರಾಷ್ಟ್ರೀಯ ವಿದ್ಯಾಲಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ವ್ಯಾಸಂಗ ಮಾಡುತ್ತಿದ್ದಾಗಲೇ ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದರು. 1990ರ ಏಪ್ರಿಲ್‌ನಲ್ಲಿ ಶಾರ್ಜಾದಲ್ಲಿ ಶ್ರೀಲಂಕಾ ವಿರುದ್ಧ ಮೊದಲ ಏಕದಿನ ಪಂದ್ಯವನ್ನೂ, ಅದೇ ವರ್ಷದ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಪಂದ್ಯವನ್ನೂ ಆಡಿದರು. ಕನ್ನಡಕ ಧರಿಸಿದ, ಎತ್ತರದ ಆ ಕಾಲೇಜು ವಿದ್ಯಾರ್ಥಿಯ ಎಸೆತವು ಹೆಚ್ಚು ತಿರುಗುತ್ತಿರಲಿಲ್ಲ. ವೇಗವೂ ಪುಟಿತವೂ ಅವರ ಬಲವಾಗಿದ್ದವು.

1993ರ ನವೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ನಡೆದ ಹೀರೋ ಕಪ್ ಫೈನಲ್‌ನಲ್ಲಿ 12 ರನ್‌ಗಳಿಗೆ 6 ವಿಕೆಟ್, 1999ರ ಫೆಬ್ರವರಿಯಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ 74 ರನ್‌ಗಳಿಗೆ ಎಲ್ಲ 10 ವಿಕೆಟ್ – ಹೀಗೆ ಒಂದು ದಶಕದ ಕಾಲ ಭಾರತದ ನೆಲದ ಗೆಲುವುಗಳಲ್ಲಿ ಅವರ ಪಾಲು ದೊಡ್ಡದಾಗಿತ್ತು. ಆದರೆ ಹೊರದೇಶಗಳ ಪಿಚ್‌ಗಳಲ್ಲಿ ಅವರು ಅಷ್ಟು ಪರಿಣಾಮಕಾರಿಯಲ್ಲ ಎಂಬ ಟೀಕೆಯೂ ಜೊತೆಗೇ ಬೆಳೆದು ಬಂದಿತ್ತು. ಮುಂದಿನ ಘಟನೆಗಳನ್ನು ಅರ್ಥಮಾಡಿಕೊಳ್ಳಲು ಈ ಟೀಕೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಭುಜದ ಶಸ್ತ್ರಚಿಕಿತ್ಸೆ

ಸ್ಪಿನ್ ಬೌಲರುಗಳಿಗೆ ದೇಹಶ್ರಮ ಕಡಿಮೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ವೇಗದ ಬೌಲರನಂತೆ ಅವರು ದೂರದಿಂದ ಓಡಿ ಬರುವುದಿಲ್ಲವೆಂಬುದು ನಿಜ. ಆದರೆ ದಿನವೊಂದಕ್ಕೆ ಮೂವತ್ತು ನಲವತ್ತು ಓವರ್ ಬೌಲಿಂಗ್ ಮಾಡುವಾಗ ತೋಳು ಇನ್ನೂರಕ್ಕೂ ಹೆಚ್ಚು ಬಾರಿ ತಲೆಯ ಮೇಲಿಂದ ಸುತ್ತಿ ಬರುತ್ತದೆ. ಭುಜದ ಕೀಲು ಆಳವಿಲ್ಲದ ತಟ್ಟೆಯ ಮೇಲೆ ಕೂತ ಚೆಂಡಿನಂತಿದ್ದು, ಅದನ್ನು ಸ್ಥಾನದಲ್ಲಿ ಹಿಡಿದಿಡುವುದು ಸುತ್ತಲಿನ ನಾಲ್ಕು ಸ್ನಾಯುಗಳು ಮತ್ತು ಅವುಗಳ ಸ್ನಾಯುರಜ್ಜುಗಳು. ಒಂದೇ ಚಲನೆ ಸಾವಿರಾರು ಬಾರಿ ಮರುಕಳಿಸಿದಾಗ ಈ ಭಾಗಗಳು ಸವೆಯುತ್ತವೆ. ಎತ್ತರದಿಂದ, ತೋಳನ್ನು ನೇರವಾಗಿ ಮೇಲೆತ್ತಿ, ಮಧ್ಯಮ ವೇಗದ ಬೌಲರನಿಗೆ ಸಮೀಪದ ವೇಗದಲ್ಲಿ ಚೆಂಡನ್ನು ಬಿಡುವ ಕುಂಬ್ಳೆಯವರ ಶೈಲಿ ಭುಜದ ಮೇಲಿನ ಹೊರೆಯನ್ನು ಇನ್ನಷ್ಟು ಹೆಚ್ಚಿಸುವಂಥದ್ದು.

ಕರ್ನಾಟಕದ ಸಹ ಆಟಗಾರ ಜಾವಗಲ್ ಶ್ರೀನಾಥ್ ಅವರೂ 1997ರಲ್ಲಿ ಇಂಥದೇ ಭುಜದ ಗಾಯದಿಂದಾಗಿ ಶಸ್ತ್ರಚಿಕಿತ್ಸೆಗೆ ಒಳಗಾಗಿ, ವೆಸ್ಟ್ ಇಂಡೀಸ್ ಪ್ರವಾಸವನ್ನು ಕಳೆದುಕೊಂಡಿದ್ದರು. ಎರಡು ವರ್ಷಗಳ ಬಳಿಕ ಅವರು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ಪಡೆದರು. ಭುಜ ಮತ್ತೆ ಕೆಲಸಕ್ಕೆ ಬರಬಲ್ಲದೆಂಬುದಕ್ಕೆ ನಿದರ್ಶನ ಕುಂಬ್ಳೆಯವರ ಕಣ್ಣ ಮುಂದೆಯೇ ಇತ್ತು.

ಶಸ್ತ್ರಚಿಕಿತ್ಸೆಯ ಕಾರಣದಿಂದ ಕುಂಬ್ಳೆ 2001ರ ಫೆಬ್ರವರಿ–ಮಾರ್ಚ್‌ನಲ್ಲಿ ನಡೆದ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್ ಸರಣಿಯಲ್ಲಿ ಆಡಲಿಲ್ಲ. ಭಾರತೀಯ ಕ್ರಿಕೆಟ್‌ನ ಅತ್ಯಂತ ಪ್ರಸಿದ್ಧ ಸರಣಿಗಳಲ್ಲಿ ಅದೂ ಒಂದು. ಕೋಲ್ಕತ್ತದಲ್ಲಿ ವಿ. ವಿ. ಎಸ್. ಲಕ್ಷ್ಮಣ್ 281 ರನ್ ಗಳಿಸಿದರು. ಹರ್ಭಜನ್ ಸಿಂಗ್ ಹ್ಯಾಟ್ರಿಕ್ ಸಾಧಿಸಿದ್ದಲ್ಲದೆ ಮೂರು ಪಂದ್ಯಗಳಲ್ಲಿ 32 ವಿಕೆಟ್ ಪಡೆದರು. ತಂಡವು ಗೆದ್ದಿತು, ಮತ್ತು ಕುಂಬ್ಳೆ ಇಲ್ಲದೆಯೇ ಗೆದ್ದಿತು. ಗಾಯಗೊಂಡ ಆಟಗಾರನ ಪಾಲಿಗೆ ನೋವಿಗಿಂತ ಕಠಿಣವಾದ ಸಂಗತಿ ಇದೇ ಆಗಿರುತ್ತದೆ: ಅವನ ಜಾಗದಲ್ಲಿ ನಿಂತವನು ಯಶಸ್ವಿಯಾದಾಗ, ಗುಣಮುಖನಾದ ಮಾತ್ರಕ್ಕೆ ಆ ಜಾಗ ಅವನಿಗೆ ಮರಳಿ ಸಿಗುವುದಿಲ್ಲ. ಹರ್ಭಜನ್ ಅವರಿಗೆ ಆಗ ಇಪ್ಪತ್ತು ವರ್ಷ, ಕುಂಬ್ಳೆಯವರಿಗೆ ಮೂವತ್ತು.

2001ರ ಕೊನೆಯ ತಿಂಗಳುಗಳಲ್ಲಿ ದಕ್ಷಿಣ ಆಫ್ರಿಕಾ ಪ್ರವಾಸದ ಮೂಲಕ ಕುಂಬ್ಳೆ ಅಂತಾರಾಷ್ಟ್ರೀಯ ಕ್ರಿಕೆಟ್‌ಗೆ ಮರಳಿದರು. ಅದೇ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮ್ಯಾಥ್ಯೂ ಹಾಗರ್ಡ್ ಅವರನ್ನು ಔಟ್ ಮಾಡಿ ತಮ್ಮ 300ನೇ ಟೆಸ್ಟ್ ವಿಕೆಟ್ ಪಡೆದರು. ಕಪಿಲ್ ದೇವ್ ಅವರ ನಂತರ ಈ ಸಂಖ್ಯೆಯನ್ನು ಮುಟ್ಟಿದ ಎರಡನೆಯ ಭಾರತೀಯ ಅವರಾಗಿದ್ದರು. ಭಾರತದ ಸ್ಪಿನ್ನರ್‌ಗಳಲ್ಲಿ ಮೊದಲಿಗರು.

ಆಂಟಿಗಾ ಟೆಸ್ಟ್, ಮೇ 2002

2002ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಭಾರತ ಐದು ಟೆಸ್ಟ್‌ಗಳನ್ನು ಆಡಿತು. ಮೊದಲನೆಯದು ಡ್ರಾ ಆಯಿತು. ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತವೂ, ಬಾರ್ಬಡೋಸ್‌ನಲ್ಲಿ ವೆಸ್ಟ್ ಇಂಡೀಸೂ ಗೆದ್ದವು. ಸರಣಿ 1–1ರಲ್ಲಿ ಸಮವಾಗಿದ್ದಾಗ ನಾಲ್ಕನೆಯ ಟೆಸ್ಟ್ ಮೇ 10ರಿಂದ 14ರವರೆಗೆ ಸೇಂಟ್ ಜಾನ್ಸ್ ನಗರದ ಆಂಟಿಗಾ ರಿಕ್ರಿಯೇಷನ್ ಗ್ರೌಂಡ್‌ನಲ್ಲಿ ನಡೆಯಿತು. ಸೌರವ್ ಗಂಗೂಲಿ ನಾಯಕರಾಗಿದ್ದ ತಂಡದಲ್ಲಿ ಜಾವಗಲ್ ಶ್ರೀನಾಥ್, ಆಶಿಶ್ ನೆಹ್ರಾ ಹಾಗೂ ಜಹೀರ್ ಖಾನ್ ವೇಗದ ಬೌಲರ್‌ಗಳು. ಹನ್ನೊಂದರಲ್ಲಿ ಪೂರ್ಣಾವಧಿ ಸ್ಪಿನ್ನರ್ ಕುಂಬ್ಳೆ ಒಬ್ಬರೇ.

ಭಾರತದ ಇನಿಂಗ್ಸ್‌ನಲ್ಲಿ ಬ್ಯಾಟಿಂಗ್ ಮಾಡುತ್ತಿದ್ದಾಗ ಮರ್ವಿನ್ ಡಿಲನ್ ಎಸೆದ ಬೌನ್ಸರ್ ಕುಂಬ್ಳೆಯವರ ದವಡೆಗೆ ಬಡಿಯಿತು. ಬಾಯಿಂದ ರಕ್ತ ಬಂದರೂ ಅವರು ಕ್ರೀಸ್ ಬಿಟ್ಟು ಹೋಗದೆ ಸ್ವಲ್ಪ ಹೊತ್ತು ಆಟ ಮುಂದುವರಿಸಿದರು. ಮೂಳೆ ಮುರಿದಿರುವುದು ತಿಳಿದದ್ದು ಅನಂತರವೇ. ಬೆಂಗಳೂರಿಗೆ ಮರಳಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದೆಂದು ತೀರ್ಮಾನವಾಯಿತು, ವಿಮಾನ ಮರುದಿನವಿತ್ತು. ಇತ್ತ ಭಾರತವು ಲಕ್ಷ್ಮಣ್ (130) ಹಾಗೂ ವಿಕೆಟ್ ಕೀಪರ್ ಅಜಯ್ ರಾತ್ರಾ (ಔಟಾಗದೆ 115) ಅವರ ಶತಕಗಳ ಬಲದಿಂದ 9 ವಿಕೆಟ್‌ಗೆ 513 ರನ್ ಗಳಿಸಿ ಡಿಕ್ಲೇರ್ ಮಾಡಿಕೊಂಡಿತು.

ಇಲ್ಲಿ ಕ್ರಿಕೆಟ್‌ನ ಒಂದು ನಿಯಮವನ್ನು ವಿವರಿಸುವುದು ಅಗತ್ಯ. ಗಾಯಗೊಂಡವನ ಬದಲಿಗೆ ಬರುವ ಆಟಗಾರ ಫೀಲ್ಡಿಂಗ್ ಮಾಡಬಹುದೇ ಹೊರತು ಬೌಲಿಂಗ್ ಅಥವಾ ಬ್ಯಾಟಿಂಗ್ ಮಾಡುವಂತಿಲ್ಲ. ಫುಟ್‌ಬಾಲ್‌ನಲ್ಲಾಗಲಿ ಕಬಡ್ಡಿಯಲ್ಲಾಗಲಿ ಹೊರಹೋದವನ ಕೆಲಸವನ್ನು ಬದಲಿ ಆಟಗಾರ ಪೂರ್ತಿಯಾಗಿ ವಹಿಸಿಕೊಳ್ಳುತ್ತಾನೆ. ಟೆಸ್ಟ್ ಕ್ರಿಕೆಟ್‌ನಲ್ಲಿ ಆ ಕೆಲಸ ಖಾಲಿಯೇ ಉಳಿಯುತ್ತದೆ. ಕುಂಬ್ಳೆ ಹೊರಗುಳಿದರೆ ಭಾರತಕ್ಕೆ ಉಳಿಯುತ್ತಿದ್ದವರು ಮೂವರು ವೇಗಿಗಳು ಮತ್ತು ಸಚಿನ್ ತೆಂಡೂಲ್ಕರ್ ಅವರಂಥ ಅರೆಕಾಲಿಕ ಬೌಲರ್‌ಗಳು. ಎದುರಿನ ತಂಡದಲ್ಲಿ ಲಾರಾ, ಕಾರ್ಲ್ ಹೂಪರ್, ಶಿವನಾರಾಯಣ್ ಚಂದ್ರಪಾಲ್ ಇದ್ದರು. ಸಪಾಟಾದ ಪಿಚ್‌ನಲ್ಲಿ ವೇಗದ ಬೌಲಿಂಗ್‌ಗೆ ನೆರವು ಹೆಚ್ಚೇನೂ ಇರಲಿಲ್ಲ. ಹೀಗಾಗಿ ಮೈದಾನಕ್ಕೆ ಮರಳುವ ಅವರ ನಿರ್ಧಾರವನ್ನು ಬರಿಯ ಆವೇಶವೆಂದು ಕರೆಯಲಾಗದು. ಅದರಲ್ಲಿ ಪಂದ್ಯದ ಲೆಕ್ಕಾಚಾರವೂ ಇತ್ತು.

ಗಲ್ಲದ ಕೆಳಗಿನಿಂದ ನೆತ್ತಿಯವರೆಗೆ ಮುಖವನ್ನು ಸುತ್ತುವರಿದ ಬಿಳಿಯ ಬ್ಯಾಂಡೇಜಿನೊಂದಿಗೆ ಕುಂಬ್ಳೆ ಮೈದಾನಕ್ಕಿಳಿದರು. ಸತತ 14 ಓವರ್‌ಗಳನ್ನು ಎಸೆದು, 5 ಮೇಡನ್ ಓವರ್‌ಗಳೊಂದಿಗೆ 29 ರನ್ ನೀಡಿ 1 ವಿಕೆಟ್ ಪಡೆದರು. ಆ ಒಂದು ವಿಕೆಟ್ ಲಾರಾ ಅವರದ್ದು: 4 ರನ್ ಗಳಿಸಿದ್ದಾಗ ಅವರು ಎಲ್‌ಬಿಡಬ್ಲ್ಯು ಆದರು. ದವಡೆಯನ್ನು ಕಟ್ಟಿಹಾಕಿದ ಸ್ಥಿತಿಯಲ್ಲಿ ಬೌಲರ್ ಅಂಪೈರ್ ಕಡೆಗೆ ತಿರುಗಿ ಮನವಿ ಸಲ್ಲಿಸುವ ದೃಶ್ಯ ಇಂದಿಗೂ ಮತ್ತೆ ಮತ್ತೆ ಪ್ರಸಾರವಾಗುತ್ತದೆ. ಆಂಟಿಗಾದವರೇ ಆದ ಮಾಜಿ ನಾಯಕ ವಿವಿಯನ್ ರಿಚರ್ಡ್ಸ್, ಕ್ರೀಡಾಂಗಣದಲ್ಲಿ ತಾವು ಕಂಡ ಅತ್ಯಂತ ಧೈರ್ಯದ ಕೃತ್ಯಗಳಲ್ಲಿ ಇದೂ ಒಂದೆಂಬ ಅರ್ಥದಲ್ಲಿ ಮೆಚ್ಚುಗೆ ಸೂಚಿಸಿದ್ದರು. ಕುಂಬ್ಳೆಯವರ ಸ್ವಂತ ಪ್ರತಿಕ್ರಿಯೆ ಇದಕ್ಕಿಂತ ಸಪ್ಪೆಯಾಗಿತ್ತು. ಕೈಲಾದಷ್ಟು ಪ್ರಯತ್ನಿಸಿದೆನೆಂಬ ಸಮಾಧಾನದಿಂದ ಮನೆಗೆ ಹೋಗಬಹುದು ಎಂಬುದಷ್ಟೇ ಅವರ ಮಾತಿನ ಸಾರ.

ಜನಪ್ರಿಯ ನೆನಪಿನಲ್ಲಿ ಈ ಪ್ರಸಂಗ ಕೆಲವೊಮ್ಮೆ ಭಾರತದ ಗೆಲುವಿನೊಂದಿಗೆ ಬೆರೆತುಹೋಗುತ್ತದೆ. ವಾಸ್ತವದಲ್ಲಿ ಪಂದ್ಯ ಡ್ರಾ ಆಯಿತು. ಕುಂಬ್ಳೆ ನಿರ್ಗಮಿಸಿದ ನಂತರ ವೆಸ್ಟ್ ಇಂಡೀಸ್ 9 ವಿಕೆಟ್‌ಗೆ 629 ರನ್ ಕಲೆಹಾಕಿತು; ಹೂಪರ್, ಚಂದ್ರಪಾಲ್ ಮತ್ತು ರಿಡ್ಲಿ ಜೇಕಬ್ಸ್ ಮೂವರೂ ಶತಕ ಬಾರಿಸಿದರು. ಭಾರತದ ಹನ್ನೊಂದು ಆಟಗಾರರೂ, ವಿಕೆಟ್ ಕೀಪರ್ ಸೇರಿದಂತೆ, ಬೌಲಿಂಗ್ ಮಾಡಬೇಕಾಯಿತು. ರಾಹುಲ್ ದ್ರಾವಿಡ್ ತಮ್ಮ ಟೆಸ್ಟ್ ಜೀವನದ ಏಕೈಕ ವಿಕೆಟನ್ನು ಪಡೆದದ್ದು ಇದೇ ಇನಿಂಗ್ಸ್‌ನಲ್ಲಿ. ಜಮೈಕಾದಲ್ಲಿ ನಡೆದ ಐದನೆಯ ಟೆಸ್ಟನ್ನು ಸೋತ ಭಾರತ ಸರಣಿಯನ್ನು 2–1ರಿಂದ ಕಳೆದುಕೊಂಡಿತು. ಹಾಗೆಂದು ಆ 14 ಓವರ್‌ಗಳ ಬೆಲೆ ಕುಗ್ಗುವುದಿಲ್ಲ. ಲಾರಾ ನಿಂತು ಆಡಿದ್ದರೆ ಮೊತ್ತ ಎಲ್ಲಿಗೆ ತಲುಪುತ್ತಿತ್ತೆಂಬುದನ್ನು ಊಹಿಸಲು ಅದೇ ಮೈದಾನದಲ್ಲಿ 1994ರಲ್ಲಿ ಅವರು ಇಂಗ್ಲೆಂಡ್ ವಿರುದ್ಧ ಗಳಿಸಿದ 375 ರನ್‌ಗಳನ್ನು ನೆನೆದರೆ ಸಾಕು.

ಗಾಯದ ಸ್ವರೂಪ ಮತ್ತು ಅಪಾಯ

ದವಡೆ ಮುರಿತವೆಂದರೆ ಸಾಮಾನ್ಯವಾಗಿ ಕೆಳದವಡೆಯ ಮುರಿತ. ಕುದುರೆ ಲಾಳದ ಆಕಾರದ ಈ ಮೂಳೆ ಎರಡೂ ಕಿವಿಗಳ ಮುಂದೆ ತಲೆಬುರುಡೆಗೆ ಕೀಲಿನಿಂದ ಜೋಡಣೆಯಾಗಿದೆ. ಬಾಗಿದ ಆಕಾರದ ಕಾರಣ, ಒಂದು ಕಡೆ ಪೆಟ್ಟು ಬಿದ್ದಾಗ ಇನ್ನೊಂದು ಕಡೆಯೂ ಬಿರುಕು ಬಿಡುವುದುಂಟು. ಮಾತನಾಡುವಾಗ, ನುಂಗುವಾಗ, ತಲೆ ತಿರುಗಿಸುವಾಗ ಮುರಿದ ತುದಿಗಳು ಒಂದಕ್ಕೊಂದು ಉಜ್ಜಿ ತೀವ್ರ ನೋವಾಗುತ್ತದೆ. ಗಲ್ಲದಡಿಯಿಂದ ನೆತ್ತಿಯ ಮೇಲಕ್ಕೆ ಸುತ್ತುವ ಪಟ್ಟಿ ಕೆಳದವಡೆಯನ್ನು ಮೇಲ್ದವಡೆಗೆ ಒತ್ತಿ ಹಿಡಿಯುತ್ತದೆ. ಮೇಲ್ದವಡೆಯೇ ಆಸರೆಯಾಗಿ ಕೆಲಸ ಮಾಡುವುದರಿಂದ ಅಲುಗಾಟ ಕಡಿಮೆಯಾಗುತ್ತದೆ. ಇದು ತಾತ್ಕಾಲಿಕ ಕ್ರಮ ಮಾತ್ರ. ಶಾಶ್ವತ ಚಿಕಿತ್ಸೆಯಲ್ಲಿ ಲೋಹದ ಸಣ್ಣ ತಗಡು ಮತ್ತು ತಿರುಪುಗಳಿಂದ, ಇಲ್ಲವೇ ಹಲ್ಲುಗಳನ್ನು ತಂತಿಯಿಂದ ಬಿಗಿದು, ಮೂಳೆಯನ್ನು ಕೂಡಿಸಲಾಗುತ್ತದೆ. ಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟು ಕಾಲ ದ್ರವ ಅಥವಾ ಮೆದು ಆಹಾರವೇ ಗತಿ.

ಬೌಲರನ ಮುಂಗಾಲು ನೆಲಕ್ಕೆ ಬಡಿದಾಗ ಅವನ ದೇಹತೂಕದ ಹಲವು ಪಟ್ಟು ಬಲ ಮೇಲ್ಮುಖವಾಗಿ ಹಾಯುತ್ತದೆ. 14 ಓವರ್ ಎಂದರೆ ಕನಿಷ್ಠ 84 ಬಾರಿ ಆ ಅದುರು. ಇನ್ನೊಂದು ಚೆಂಡು ಅದೇ ಜಾಗಕ್ಕೆ ಬಡಿಯುವ ಸಾಧ್ಯತೆ, ಬಾಯೊಳಗಿನ ರಕ್ತಸ್ರಾವದಿಂದ ಉಸಿರಾಟಕ್ಕೆ ಅಡ್ಡಿಯಾಗುವ ಸಾಧ್ಯತೆ – ಇವೆಲ್ಲ ನೈಜ ಅಪಾಯಗಳೇ. ಕ್ರಿಕೆಟ್ ಚೆಂಡಿನ ಪೆಟ್ಟು ಏನು ಮಾಡಬಲ್ಲದೆಂಬುದಕ್ಕೆ ವೆಸ್ಟ್ ಇಂಡೀಸ್‌ನಲ್ಲೇ ಭಾರತಕ್ಕೆ ಹಳೆಯ ಅನುಭವವಿತ್ತು: 1962ರಲ್ಲಿ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಅವರ ಎಸೆತ ತಲೆಗೆ ಬಡಿದು ನಾಯಕ ನಾರಿ ಕಂಟ್ರಾಕ್ಟರ್ ಅವರ ತಲೆಬುರುಡೆ ಬಿರಿದು, ಅವರ ಟೆಸ್ಟ್ ಜೀವನ ಅಲ್ಲಿಗೇ ಮುಗಿದಿತ್ತು.

ಈ ದೃಷ್ಟಿಯಿಂದ ಕುಂಬ್ಳೆಯವರ ನಿರ್ಧಾರವನ್ನು ಶಾಲಾ ಕಾಲೇಜುಗಳ ಆಟಗಾರರಿಗೆ ಅನುಕರಣೀಯ ಮಾದರಿಯೆಂದು ಮುಂದಿಡುವುದು ಸರಿಯಲ್ಲ. ಅವರಿಗೆ ಗಾಯದ ಸ್ವರೂಪ ತಿಳಿದಿತ್ತು, ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು, ತಂಡದ ಫಿಸಿಯೊ ಆಂಡ್ರ್ಯೂ ಲೀಪಸ್ ಹತ್ತಿರದಲ್ಲೇ ಇದ್ದರು. ತಾಲೂಕು ಮಟ್ಟದ ಮೈದಾನದಲ್ಲಿ ಇವುಗಳಲ್ಲಿ ಒಂದೂ ಇರುವುದಿಲ್ಲ. ತಲೆಯ ಗಾಯಗಳ ಬಗ್ಗೆ ಕ್ರಿಕೆಟ್ ಆಡಳಿತದ ಧೋರಣೆಯೂ ಮುಂದೆ ಬದಲಾಯಿತು: 2019ರ ಆಗಸ್ಟ್‌ನಿಂದ, ಪೆಟ್ಟಿನಿಂದ ಮೆದುಳಿಗೆ ಆಘಾತವಾದ ಆಟಗಾರನ ಬದಲಿಗೆ ಬರುವವನು ಬ್ಯಾಟಿಂಗ್, ಬೌಲಿಂಗ್ ಎರಡನ್ನೂ ಮಾಡಲು ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಅವಕಾಶ ದೊರೆಯಿತು. ಸ್ಟೀವ್ ಸ್ಮಿತ್ ಬದಲಿಗೆ ಲಾರ್ಡ್ಸ್‌ನಲ್ಲಿ ಆಡಿದ ಮಾರ್ನಸ್ ಲಬುಶೇನ್ ಟೆಸ್ಟ್‌ನಲ್ಲಿ ಹೀಗೆ ಬಂದವರಲ್ಲಿ ಮೊದಲಿಗರು.

ಹೋಲಿಸಬಹುದಾದ ಪ್ರಸಂಗಗಳು

ಆಂಟಿಗಾ ಪ್ರಸಂಗಕ್ಕೆ ಅತ್ಯಂತ ಸಮೀಪವಾದದ್ದು 1977ರ ಮಾರ್ಚ್‌ನಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಶತಮಾನೋತ್ಸವ ಟೆಸ್ಟ್‌ನದು. ಬಾಬ್ ವಿಲ್ಲಿಸ್ ಅವರ ಎಸೆತದಿಂದ ದವಡೆ ಮುರಿದಿದ್ದ ಆಸ್ಟ್ರೇಲಿಯಾದ ರಿಕ್ ಮೆಕಾಸ್ಕರ್, ಎರಡನೆಯ ಇನಿಂಗ್ಸ್‌ನಲ್ಲಿ ಮುಖಕ್ಕೆ ಪಟ್ಟಿ ಸುತ್ತಿಕೊಂಡು ಬಂದು 25 ರನ್ ಗಳಿಸಿದರು. ಆಸ್ಟ್ರೇಲಿಯಾ ಗೆದ್ದದ್ದು 45 ರನ್‌ಗಳಿಂದ. 1984ರಲ್ಲಿ ಲೀಡ್ಸ್‌ನ ಹೆಡಿಂಗ್ಲಿಯಲ್ಲಿ ವೆಸ್ಟ್ ಇಂಡೀಸ್‌ನ ಮಾಲ್ಕಂ ಮಾರ್ಷಲ್ ಎಡಗೈಯ ಹೆಬ್ಬೆರಳು ಮುರಿದಿದ್ದರೂ ಒಂದೇ ಕೈಯಲ್ಲಿ ಬ್ಯಾಟ್ ಹಿಡಿದು ಆಡಿ, ಬಳಿಕ 53 ರನ್‌ಗಳಿಗೆ 7 ವಿಕೆಟ್ ಕಿತ್ತರು.

ಮರಳಿಕೆ

ದವಡೆ ಮುರಿದ ಎರಡು ತಿಂಗಳಿಗೆ, 2002ರ ಜುಲೈ 13ರಂದು, ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ನಾಟ್‌ವೆಸ್ಟ್ ಸರಣಿಯ ಫೈನಲ್‌ನಲ್ಲಿ ಕುಂಬ್ಳೆ ಭಾರತ ತಂಡದಲ್ಲಿದ್ದರು. ಗಂಗೂಲಿ ಅಂಗಿ ಬಿಚ್ಚಿ ಬೀಸಿದ್ದಕ್ಕಾಗಿ ಆ ಪಂದ್ಯ ಎಲ್ಲರ ನೆನಪಿನಲ್ಲಿದೆ. ಕುಂಬ್ಳೆ ಅದರಲ್ಲಿ ಆಡಿದ್ದರೆಂಬುದು ಬಹಳ ಮಂದಿಗೆ ಮರೆತಿದೆ. ಆಗಸ್ಟ್‌ನಲ್ಲಿ ಹೆಡಿಂಗ್ಲಿ ಟೆಸ್ಟನ್ನು ಭಾರತ ಇನಿಂಗ್ಸ್ ಮತ್ತು 46 ರನ್‌ಗಳಿಂದ ಗೆದ್ದಾಗ ಅವರು ಪಂದ್ಯದಲ್ಲಿ 7 ವಿಕೆಟ್ ಪಡೆದರು.

ಆದರೂ ಸ್ಥಾನ ಭದ್ರವಾಗಲಿಲ್ಲ. 2003ರ ವಿಶ್ವಕಪ್‌ನಲ್ಲಿ ಒಬ್ಬನೇ ಸ್ಪಿನ್ನರ್‌ಗೆ ಜಾಗವಿದ್ದಾಗ ಹರ್ಭಜನ್ ಅವರಿಗೇ ಆದ್ಯತೆ ದೊರೆತು, ಕುಂಬ್ಳೆ ಹೆಚ್ಚಿನ ಪಂದ್ಯಗಳಲ್ಲಿ ಹೊರಗೆ ಕುಳಿತರು. ಆ ವರ್ಷದ ಕೊನೆಯಲ್ಲಿ ಆಸ್ಟ್ರೇಲಿಯಾ ಪ್ರವಾಸಕ್ಕೆ ಅವರ ಆಯ್ಕೆಯೇ ಅನುಮಾನವಿತ್ತು. ಆಯ್ಕೆ ಸಭೆಯಲ್ಲಿ ತಾವು ಪಟ್ಟು ಹಿಡಿದು ಅವರನ್ನು ಸೇರಿಸಿಕೊಂಡದ್ದಾಗಿ ಗಂಗೂಲಿ ಬಳಿಕ ಹೇಳಿಕೊಂಡಿದ್ದಾರೆ. ಬ್ರಿಸ್ಬೇನ್‌ನ ಮೊದಲ ಟೆಸ್ಟ್‌ನಲ್ಲಿ ಆಡಿದವರು ಹರ್ಭಜನ್. ಆ ಪಂದ್ಯದ ನಂತರ ಗಾಯದಿಂದ ಅವರು ಸರಣಿಯಿಂದ ಹೊರಬಿದ್ದರು. 2001ರಲ್ಲಿ ಒಬ್ಬರ ಗಾಯ ಇನ್ನೊಬ್ಬರಿಗೆ ಬಾಗಿಲು ತೆರೆದಂತೆ, ಈಗ ಅದು ತಿರುಗುಮುರುಗಾಯಿತು.

ಅಡಿಲೇಡ್‌ನಲ್ಲಿ ಮೊದಲ ಇನಿಂಗ್ಸ್‌ನಲ್ಲಿ ಕುಂಬ್ಳೆ 154 ರನ್ ತೆತ್ತು 5 ವಿಕೆಟ್ ಪಡೆದರು. ಆ ಪಂದ್ಯವನ್ನು ಭಾರತ ಗೆದ್ದಿತು. ಸ್ಟೀವ್ ವಾ ಅವರ ವಿದಾಯ ಪಂದ್ಯವಾದ ಸಿಡ್ನಿ ಟೆಸ್ಟ್‌ನಲ್ಲಿ 141ಕ್ಕೆ 8 ಮತ್ತು 138ಕ್ಕೆ 4, ಒಟ್ಟು 12 ವಿಕೆಟ್. ಮೂರೇ ಟೆಸ್ಟ್‌ಗಳಲ್ಲಿ 24 ವಿಕೆಟ್ ದಕ್ಕಿದವು. ಈ ಅಂಕಿಗಳ ಹಿಂದೆ ಬೌಲಿಂಗ್‌ನ ಬದಲಾವಣೆಯಿತ್ತು. ಮೊದಲಿನ ವೇಗವನ್ನು ಅವರು ಕಡಿಮೆ ಮಾಡಿಕೊಂಡಿದ್ದರು, ಗೂಗ್ಲಿಯನ್ನು ಹೆಚ್ಚಾಗಿ ಬಳಸತೊಡಗಿದ್ದರು, ಗಾಳಿಯಲ್ಲಿ ಚೆಂಡನ್ನು ತುಸು ಹೆಚ್ಚು ಹೊತ್ತು ತೇಲಿಸುತ್ತಿದ್ದರು. ಹೊರದೇಶದಲ್ಲಿ ಇವರಿಂದಾಗದು ಎನ್ನುತ್ತಿದ್ದವರ ದನಿ ಈ ಸರಣಿಯ ಬಳಿಕ ತಗ್ಗಿತು. ಮರುವರ್ಷದ ಮಾರ್ಚ್ ಕೊನೆಯಲ್ಲಿ ಮುಲ್ತಾನ್‌ನಲ್ಲಿ ಆರಂಭವಾದ ಟೆಸ್ಟ್‌ನಲ್ಲಿ ವೀರೇಂದ್ರ ಸೆಹ್ವಾಗ್ 309 ರನ್ ಬಾರಿಸಿದರೆ, ಎರಡನೆಯ ಇನಿಂಗ್ಸ್‌ನಲ್ಲಿ 72ಕ್ಕೆ 6 ವಿಕೆಟ್ ಕಬಳಿಸಿ ಪಾಕಿಸ್ತಾನವನ್ನು ಕೆಡವಿದವರು ಕುಂಬ್ಳೆ.

ಒಂದು ಸರಳ ಲೆಕ್ಕ ಈ ಮರಳಿಕೆಯ ಗಾತ್ರವನ್ನು ತೋರಿಸುತ್ತದೆ. ಬೆಂಗಳೂರಿನಲ್ಲಿ 300ನೇ ವಿಕೆಟ್ ಪಡೆದಾಗ ಅವರಿಗೆ 31 ವರ್ಷ, ಭುಜದ ಶಸ್ತ್ರಚಿಕಿತ್ಸೆ ಮುಗಿದು ಒಂದು ವರ್ಷವೂ ತುಂಬಿರಲಿಲ್ಲ. ಒಟ್ಟು 619ರಲ್ಲಿ 319 ವಿಕೆಟ್‌ಗಳು, ಅಂದರೆ ಅರ್ಧಕ್ಕಿಂತ ಹೆಚ್ಚು, ಅದರ ನಂತರ ಬಂದವು.

ನಂತರದ ವರ್ಷಗಳು

2004ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ 400, 2006ರ ಮಾರ್ಚ್‌ನಲ್ಲಿ ಮೊಹಾಲಿಯಲ್ಲಿ 500, 2008ರ ಜನವರಿಯಲ್ಲಿ ಪರ್ತ್‌ನಲ್ಲಿ 600 ವಿಕೆಟ್‌ಗಳ ಮೈಲಿಗಲ್ಲನ್ನು ಅವರು ದಾಟಿದರು. 2007ರ ಆಗಸ್ಟ್‌ನಲ್ಲಿ ಲಂಡನ್‌ನ ಓವಲ್ ಮೈದಾನದಲ್ಲಿ ಔಟಾಗದೆ 110 ರನ್ ಗಳಿಸಿದ್ದು ಅವರ ಏಕೈಕ ಟೆಸ್ಟ್ ಶತಕ. ಅದೇ ವರ್ಷ ಟೆಸ್ಟ್ ತಂಡದ ನಾಯಕತ್ವವೂ ದೊರೆಯಿತು.

2008ರ ಆಸ್ಟ್ರೇಲಿಯಾ ಸರಣಿಯಲ್ಲಿ ಭುಜದ ನೋವು ಮತ್ತೆ ಕಾಣಿಸಿಕೊಂಡು ಅವರು ಮೊಹಾಲಿ ಟೆಸ್ಟ್‌ನಿಂದ ಹೊರಗುಳಿದರು. ಮುಂದಿನ ಪಂದ್ಯ ದೆಹಲಿಯಲ್ಲಿ, ಹತ್ತು ವಿಕೆಟ್ ಪಡೆದ ಅದೇ ಕೋಟ್ಲಾ ಮೈದಾನದಲ್ಲಿ. ಅಲ್ಲಿ ಕ್ಯಾಚ್ ಹಿಡಿಯುವ ಯತ್ನದಲ್ಲಿ ಎಡಗೈಯ ಕಿರುಬೆರಳು ಆಳವಾಗಿ ಸೀಳಿ 11 ಹೊಲಿಗೆ ಹಾಕಬೇಕಾಯಿತು. ಹೊಲಿಗೆ ಹಾಕಿದ ಕೈಯಲ್ಲೇ ಅವರು ಮತ್ತೆ ಮೈದಾನಕ್ಕೆ ಬಂದು ಬೌಲಿಂಗ್ ಮಾಡಿದರು. ಸರಣಿಯ ಕೊನೆಯ ಟೆಸ್ಟ್‌ಗೆ ಆ ಬೆರಳು ಸಿದ್ಧವಾಗದೆಂದು ಖಚಿತವಾದಾಗ, ಪಂದ್ಯದ ಅಂತಿಮ ದಿನವಾದ ನವೆಂಬರ್ 2ರಂದು ನಿವೃತ್ತಿ ಘೋಷಿಸಿದರು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ, ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ, ಅವರ ಹೆಸರಿನ ವೃತ್ತವಿದೆ.